ಬಸುರಿಯ ಹೊಟ್ಟೆಯ ಮೇಲೆ ನೀರುಗುಳ್ಳೆ: ಗುರುತು ಹಾಕುವವರು ಬೇರೆ, ಕಡಿಯುವವರು ಬೇರೆ

ಮೊದಲು ನವೆ ಶುರುವಾಗುತ್ತದೆ. ಹೊಕ್ಕುಳಿನ ಸುತ್ತ. ಐದನೇ ತಿಂಗಳೋ ಏಳನೇ ತಿಂಗಳೋ ಇರಬಹುದು. ಹೊಟ್ಟೆಯ ಚರ್ಮ ಹಿಗ್ಗುವಾಗ ತುರಿಕೆ ಬರುವುದು ಮಾಮೂಲು ಅಲ್ವಾ, ಹಾಗಾಗಿ ಮನೆಯಲ್ಲಿ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ, ಕೊಬ್ಬರಿ ಎಣ್ಣೆ ಹಚ್ಚಿಕೋ ಅಂತಾರೆ. ಕೆಲವು ದಿನ ಕಳೆದ ಮೇಲೆ ಕೆಂಪು ದದ್ದು ಏಳುತ್ತದೆ. ಅಜ್ಜಿ ನೋಡಿ 'ಪಿತ್ತದ ಗಂಧೆ' ಅಂತಾರೆ. ಅವರನ್ನು ತಪ್ಪು ಅನ್ನುವ ಹಾಗಿಲ್ಲ, ನೋಡುವುದಕ್ಕೆ ಹಾಗೇ ಇರುತ್ತದೆ. ಅದು ತೊಡೆಗೆ, ಬೆನ್ನಿಗೆ, ಕೈಗೆ ಹಬ್ಬುತ್ತದೆ. ಮುಖಕ್ಕೂ ಬಾಯಿಯ ಒಳಕ್ಕೂ ಬರುವುದು ಕಡಿಮೆ. ಇನ್ನೊಂದು ವಾರವೋ ಎರಡು ವಾರವೋ ಆದಮೇಲೆ ಆ ದದ್ದುಗಳ ಮೇಲೆ ನೀರು ತುಂಬಿದ ಗುಳ್ಳೆಗಳು ಕಾಣುತ್ತವೆ. ಬಿಗಿಯಾದ ಗುಳ್ಳೆ, ಬೆರಳಲ್ಲಿ ಒತ್ತಿದರೂ ಸುಲಭಕ್ಕೆ ಒಡೆಯುವುದಿಲ್ಲ. ಆಗ ಮನೆಯವರಿಗೆಲ್ಲ ಗಾಬರಿ.

ಇದರ ಹೆಸರು ಪೆಂಫಿಗಾಯ್ಡ್ ಜೆಸ್ಟೇಶನಿಸ್. ಸುಮಾರು 50,000 ಬಸುರಿಯರಲ್ಲಿ ಒಬ್ಬರಿಗೆ ಬರುತ್ತದೆ ಅಂತ ಪುಸ್ತಕಗಳಲ್ಲಿ ಇರುವ ಲೆಕ್ಕ. ಇಷ್ಟು ಅಪರೂಪದ್ದನ್ನು ಹಿಡಿದುಕೊಂಡು ಇಷ್ಟು ಹೊತ್ತು ಮಾತಾಡುವುದು ಯಾಕೆ ಅಂತ ನೀವು ಕೇಳಬಹುದು. ನಮ್ಮ ದೇಶದಲ್ಲಿ ವರ್ಷಕ್ಕೆ ಎರಡು ಕೋಟಿಗೂ ಜಾಸ್ತಿ ಹೆರಿಗೆ ಆಗುತ್ತವೆ. ಆ ಲೆಕ್ಕ ಇಲ್ಲಿಗೂ ಹೊಂದಿದರೆ ವರ್ಷ ವರ್ಷ ನಾನೂರಕ್ಕೂ ಹೆಚ್ಚು ಹೆಂಗಸರು. ಅದೊಂದು ಕಾರಣ. ಆದರೆ ನನ್ನನ್ನು ಈ ಕಾಯಿಲೆ ಹಿಡಿದಿಟ್ಟಿರುವ ಕಾರಣ ಬೇರೆ. ನಮ್ಮ ರಕ್ತದಲ್ಲಿ, ಚರ್ಮದಲ್ಲಿ ಓಡಾಡುವ ರಕ್ಷಣೆಯ ಕಣಗಳು ಯಾರಾದ ಮೇಲೆ ಯಾರು ಬರುತ್ತಾರೆ, ಬಂದು ಏನು ಮಾಡುತ್ತಾರೆ ಅನ್ನುವುದು ಇಷ್ಟು ಬಿಡಿಸಿ ತೋರಿಸುವ ಕಾಯಿಲೆಗಳು ಕೆಲವೇ. ಎಲ್ಲರೂ ಆಂಟಿಬಾಡಿ, ಆಂಟಿಬಾಡಿ ಅಂತಾರಲ್ಲ, ಅಂದರೆ ತನ್ನ ಗುರಿ ಹುಡುಕಿ ಹೋಗಿ ಅದರ ಮೇಲೆ ಕೂರುವ ರಕ್ತದ ಪ್ರೋಟೀನು. ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಇಷ್ಟೇ: ಆಂಟಿಬಾಡಿ ಒಂದರಿಂದಲೇ ಗುಳ್ಳೆ ಏಳುವುದಿಲ್ಲ. ಗುಳ್ಳೆ ಎಬ್ಬಿಸುವ ಕೆಲಸ ಅದರ ಹಿಂದೆ ಬರುವ ಕಣಗಳದ್ದು.

ಹೆಸರಿನ ಗೊಂದಲ ಒಂದನ್ನು ಮೊದಲೇ ಮುಗಿಸಿಬಿಡೋಣ. 1872ರಲ್ಲಿ ಇಂಗ್ಲೆಂಡಿನ ಜಾನ್ ಲಾಸ್ ಮಿಲ್ಟನ್ ಅನ್ನುವ ವೈದ್ಯರು ಇದಕ್ಕೆ ಹರ್ಪಿಸ್ ಜೆಸ್ಟೇಶನಿಸ್ ಅಂತ ಹೆಸರಿಟ್ಟರು. ಹರ್ಪಿಸ್ ವೈರಸ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ಆದರೂ ಆ ಹೆಸರು ನೂರು ವರ್ಷಕ್ಕೂ ಹೆಚ್ಚು ಕಾಲ ನಡೆದುಕೊಂಡು ಬಂತು, ಹಳೆಯ ಚೀಟಿಗಳಲ್ಲಿ ಈಗಲೂ ಕಾಣಬಹುದು. ನಮ್ಮ ಕಡೆ ಇದರ ಜೊತೆಗೆ ಇನ್ನೊಂದು ತೊಡಕು: ಹೊಟ್ಟೆಯ ಮೇಲೆ ಗುಳ್ಳೆ ಎದ್ದರೆ ಸರ್ಪಸುತ್ತು ಅಂತ ಕೆಮ್ಮಣ್ಣು ಹಚ್ಚಿಸಿಕೊಂಡು ಬರುತ್ತಾರೆ. ಸರ್ಪಸುತ್ತು ವೈರಸ್ಸಿನಿಂದ ಬರುವುದು, ಮೈಯ ಒಂದೇ ಪಕ್ಕದಲ್ಲಿ ಪಟ್ಟಿಯ ಹಾಗೆ ಏಳುತ್ತದೆ, ನೋವು ಜಾಸ್ತಿ. ಇದು ಎರಡೂ ಪಕ್ಕ ಏಳುತ್ತದೆ, ನವೆ ಜಾಸ್ತಿ. ಇದು ಅಂಟುರೋಗ ಅಲ್ಲ. ಪಕ್ಕದಲ್ಲಿ ಮಲಗಿದ ದೊಡ್ಡ ಮಗುವಿಗೆ ಹತ್ತುವುದಿಲ್ಲ, ದಯವಿಟ್ಟು ಆ ಮಗುವನ್ನು ತಾಯಿಯಿಂದ ದೂರ ಮಲಗಿಸಬೇಡಿ.

ಈಗ ಚರ್ಮದ ಒಳಕ್ಕೆ ಹೋಗೋಣ. ನಮ್ಮ ಚರ್ಮ ಎರಡು ಪದರ. ಮೇಲಿನದು ತೆಳು, ಕೆಳಗಿನದು ದಪ್ಪ. ಈ ಎರಡೂ ಬಿಟ್ಟುಹೋಗದ ಹಾಗೆ ಹಿಡಿದಿಡಲು ನಡುವೆ ಕೆಲವು ಪ್ರೋಟೀನುಗಳಿವೆ. ಅದರಲ್ಲಿ ಒಂದು ಬಿಪಿ180. ಹದಿನೇಳನೇ ಕೊಲಾಜೆನ್ ಅಂತಲೂ ಕರೆಯುತ್ತಾರೆ. ಇದರ ಒಂದು ತುದಿ ಮೇಲಿನ ಪದರದ ತಳದ ಜೀವಕೋಶದ ಒಳಗಿದೆ, ಇನ್ನೊಂದು ತುದಿ ಹೊರಗೆ ಚಾಚಿ ಕೆಳಗಿನ ಪದರದ ಕಡೆ ಇಳಿದಿದೆ. ಜೀವಕೋಶದಿಂದ ಹೊರಬಂದ ತಕ್ಷಣ ಸಿಗುವ ಒಂದು ಸಣ್ಣ ತುಂಡಿಗೆ ಎನ್‌ಸಿ16ಎ ಅಂತ ಹೆಸರು. ಈ ಹೆಸರು ಸ್ವಲ್ಪ ನೆನಪಿಟ್ಟುಕೊಳ್ಳಿ, ಯಾಕೆಂದರೆ ಈ ಕಾಯಿಲೆಯ ಜಗಳವೆಲ್ಲ ಹೆಚ್ಚು ಕಡಿಮೆ ಅಷ್ಟೇ ಜಾಗದ ಮೇಲೆ.

ಇದೇ ಬಿಪಿ180 ಇನ್ನೊಂದು ಕಡೆಯೂ ಇದೆ. ಮಾಸಿನಲ್ಲಿ, ಅಂದರೆ ಪ್ಲಾಸೆಂಟಾದಲ್ಲಿ, ಮತ್ತೆ ಮಗುವಿನ ಸುತ್ತ ನೀರು ತುಂಬಿದ ಚೀಲದ ಒಳಪೊರೆಯಲ್ಲಿ. ತಾಯಿಯ ಚರ್ಮ ಒಂದು ಕಡೆ, ಮಗುವಿನ ಮಾಸು ಇನ್ನೊಂದು ಕಡೆ, ಎರಡಕ್ಕೂ ಒಂದೇ ಪ್ರೋಟೀನು. ಸುಮ್ನೆ ಇದ್ದಿದ್ದರೆ ತೊಂದರೆ ಇರಲಿಲ್ಲ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. 1953ರಲ್ಲಿ ಪೀಟರ್ ಮೆಡವಾರ್ ಅನ್ನುವ ವಿಜ್ಞಾನಿ ಒಂದು ಪ್ರಶ್ನೆ ಎತ್ತಿದರು. ಬೇರೆಯವರ ಚರ್ಮ ತಂದು ನನ್ನ ಮೈಗೆ ಹೊಲಿದರೆ ಕೆಲವು ದಿನಗಳಲ್ಲಿ ನನ್ನ ಬಿಳಿ ರಕ್ತಕಣಗಳು ಅದನ್ನು ಕೊಂದು ಹಾಕುತ್ತವೆ. ಹೊಟ್ಟೆಯಲ್ಲಿರುವ ಮಗುವಿನ ಅರ್ಧ ಭಾಗ ತಂದೆಯದ್ದು, ತಾಯಿಯ ಪಾಲಿಗೆ ಹೊರಗಿನದು. ಹಾಗಿದ್ದರೆ ಒಂಬತ್ತು ತಿಂಗಳು ಅದನ್ನು ತಾಯಿಯ ಮೈ ಹೇಗೆ ಇಟ್ಟುಕೊಳ್ಳುತ್ತದೆ? ಮೆಡವಾರ್ ಅವರಿಗೆ 1960ರಲ್ಲಿ ನೊಬೆಲ್ ಬಂತು, ಅದು ಅಂಗಾಂಗ ಕಸಿಗೆ ಸಂಬಂಧಪಟ್ಟ ಕೆಲಸಕ್ಕೆ. ಈ ಪ್ರಶ್ನೆಗೆ ಪೂರ್ತಿ ಉತ್ತರ ಇನ್ನೂ ಸಿಕ್ಕಿಲ್ಲ. ಸಿಕ್ಕಿರುವಷ್ಟು ಮಾತ್ರ ತುಂಬಾ ಚೆನ್ನಾಗಿದೆ.

ನಮ್ಮ ಜೀವಕೋಶಗಳ ಮೇಲೆ ಎಚ್‌ಎಲ್‌ಎ ಅನ್ನುವ ಗುರುತುಗಳಿರುತ್ತವೆ. ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ ಬಂದದ್ದು. ಟಿ ಕಣಗಳು ಅನ್ನುವ ಬಿಳಿ ರಕ್ತಕಣಗಳು ಇವನ್ನೇ ನೋಡಿ ಇದು ನಮ್ಮದು, ಇದು ನಮ್ಮದಲ್ಲ ಅಂತ ತೀರ್ಮಾನ ಮಾಡುತ್ತವೆ. ಮಾಸಿನ ಹೊರಗಿನ ಜೀವಕೋಶಗಳು ಏನು ಮಾಡುತ್ತವೆ ಅಂದರೆ, ಜಗಳ ತರುವ ಮಾಮೂಲಿ ಗುರುತುಗಳನ್ನು ಹೊರಗೆ ತೋರಿಸುವುದೇ ಇಲ್ಲ. ಕೆಲವು ಜೀವಕೋಶಗಳು ಬದಲಿಗೆ ಎಚ್‌ಎಲ್‌ಎ-ಜಿ ಅಂತ ಒಂದನ್ನು ತೋರಿಸುತ್ತವೆ, ಅದು ತಾಯಿಯ ಕಣಗಳನ್ನು ಸಮಾಧಾನ ಮಾಡುವಂಥದ್ದು. ಗರ್ಭಕೋಶದ ಒಳಪದರದಲ್ಲಿ ಮೊದಲ ತಿಂಗಳುಗಳಲ್ಲಿ ಇರುವ ಬಿಳಿ ಕಣಗಳಲ್ಲಿ ಸುಮಾರು ಶೇಕಡಾ 70ರಷ್ಟು ಎನ್‌ಕೆ ಕಣಗಳು. ಎನ್‌ಕೆ ಅಂದರೆ ಕೊಲ್ಲುವ ಕಣ ಅಂತಲೇ ಹೆಸರು, ಆದರೆ ಇಲ್ಲಿ ಅವು ಮಗುವಿಗೆ ರಕ್ತ ಸರಿಯಾಗಿ ಹರಿಯುವ ಹಾಗೆ ತಾಯಿಯ ರಕ್ತನಾಳಗಳನ್ನು ಅಗಲ ಮಾಡಲು ಕೈ ಜೋಡಿಸುತ್ತವೆ. ಇನ್ನು ಟಿ-ರೆಗ್ ಕಣಗಳು. ಬೇರೆ ಟಿ ಕಣಗಳು ಮಿತಿ ಮೀರದ ಹಾಗೆ ತಡೆಯುವುದು ಇವುಗಳ ಕೆಲಸ. 2025ರ ವೈದ್ಯಕೀಯ ನೊಬೆಲ್ ಬಂದದ್ದು ಇವುಗಳ ಮೇಲಿನ ಕೆಲಸಕ್ಕೇ: ಶಿಮೊನ್ ಸಕಾಗುಚಿ, ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್. 2004ರಲ್ಲಿ ಇಲಿಗಳಲ್ಲಿ ಒಂದು ಪ್ರಯೋಗ ನಡೆಯಿತು. ಟಿ-ರೆಗ್ ಇಲ್ಲದ ಹಾಗೆ ಮಾಡಿದ ಹೆಣ್ಣಿಲಿಗಳಲ್ಲಿ, ಗಂಡು ಬೇರೆ ತಳಿಯದ್ದಾದರೆ ಮರಿಗಳು ನಿಲ್ಲಲಿಲ್ಲ, ಒಂದೇ ತಳಿಯದ್ದಾದರೆ ನಿಂತವು. ತಂದೆಯ ಅರ್ಧವನ್ನು ತಾಯಿ ತಡೆದುಕೊಳ್ಳುವುದರಲ್ಲಿ ಈ ಕಣಗಳ ಪಾಲು ಎಷ್ಟು ಅಂತ ಇದರಿಂದಲೇ ಗೊತ್ತಾಗುತ್ತದೆ.

ವಾಪಸ್ ಬರೋಣ. ಪೆಂಫಿಗಾಯ್ಡ್ ಜೆಸ್ಟೇಶನಿಸ್‌ನಲ್ಲಿ ಈ ಏರ್ಪಾಡು ಒಂದು ಕಡೆ ತಪ್ಪುತ್ತದೆ. ಈ ಕಾಯಿಲೆ ಇದ್ದವರ ಮಾಸನ್ನು ಹೆರಿಗೆ ಆದಮೇಲೆ ಪರೀಕ್ಷೆ ಮಾಡಿದಾಗ, ಅಲ್ಲಿ ಕಾಣಬಾರದ ಎರಡನೇ ವರ್ಗದ ಎಚ್‌ಎಲ್‌ಎ ಗುರುತುಗಳು ಕಂಡವು. ಎರಡನೇ ವರ್ಗ ಅಂದರೆ ಸಹಾಯಕ ಟಿ ಕಣಗಳಿಗೆ ಪ್ರೋಟೀನಿನ ತುಂಡುಗಳನ್ನು ಎತ್ತಿ ತೋರಿಸುವ ಗುರುತು. ಸಾಮಾನ್ಯವಾಗಿ ಅದಕ್ಕೆಂದೇ ಇರುವ ಕಣಗಳ ಮೇಲೆ ಮಾತ್ರ ಇರಬೇಕು. ಅದು ಮಾಸಿನಲ್ಲಿ, ಅದೂ ತಂದೆಯಿಂದ ಬಂದದ್ದು ಕಾಣಿಸಿಕೊಂಡರೆ, ತಾಯಿಯ ಸಹಾಯಕ ಟಿ ಕಣಗಳು ಅಲ್ಲಿಗೆ ಬರುತ್ತವೆ. ಬಂದಾಗ ಪಕ್ಕದಲ್ಲೇ ಬಿಪಿ180 ಇದೆ. ತಂದೆಯ ಗುರುತಿನ ಮೇಲಿನ ಸಿಟ್ಟಿನಲ್ಲಿ ಅದನ್ನೂ ಹೊರಗಿನದು ಅಂತ ಲೆಕ್ಕ ಹಾಕುತ್ತವೆ. ಅಲ್ಲಿಂದ ತಾಯಿಯ ಸ್ವಂತ ಚರ್ಮಕ್ಕೆ ಒಂದೇ ಹೆಜ್ಜೆ.

ಇದು ಪೂರ್ತಿ ಸಾಬೀತಾದ ಕಥೆ ಅಲ್ಲ, ಇದನ್ನು ಸ್ಪಷ್ಟವಾಗಿ ಹೇಳಬೇಕು. ಆದರೆ ಸಾಕ್ಷಿಗಳು ಒಂದೇ ಕಡೆ ಬೆರಳು ತೋರಿಸುತ್ತವೆ. ಈ ಕಾಯಿಲೆಯ ಹೆಂಗಸರಲ್ಲಿ ಹತ್ತಿರ ಹತ್ತಿರ ಎಲ್ಲರ ರಕ್ತದಲ್ಲೂ ಎಚ್‌ಎಲ್‌ಎ ವಿರುದ್ಧ ಆಂಟಿಬಾಡಿಗಳು ಸಿಗುತ್ತವೆ. ಬೇರೆ ಬಸುರಿಯರಲ್ಲಿ ಕೆಲವರಲ್ಲಿ ಮಾತ್ರ. ತಾಯಿಯ ಎಚ್‌ಎಲ್‌ಎ ಕೂಡ ಲೆಕ್ಕಕ್ಕೆ ಬರುತ್ತದೆ. ಡಿಆರ್3, ಡಿಆರ್4 ಅನ್ನುವ ಎರಡು ಬಗೆಗಳು ಇವರಲ್ಲಿ ಜಾಸ್ತಿ, ಪಾಶ್ಚಾತ್ಯ ದೇಶಗಳ ವರದಿಗಳಲ್ಲಿ ಸುಮಾರು ಶೇಕಡಾ 40ಕ್ಕಿಂತ ಹೆಚ್ಚು ಜನರಲ್ಲಿ ಎರಡೂ ಒಟ್ಟಿಗೆ ಇದ್ದವು.

ನನಗೆ ತುಂಬಾ ಇಷ್ಟವಾದ ಸಾಕ್ಷಿ ಬೇರೆಯದು. ಮುತ್ತುಗರ್ಭ ಅಂತ ಕೇಳಿರುತ್ತೀರಿ, ಹೊಟ್ಟೆಯಲ್ಲಿ ಮಗುವೇ ಇಲ್ಲದೆ ಮಾಸು ಮಾತ್ರ ದ್ರಾಕ್ಷಿ ಗೊಂಚಲಾಗಿ ಬೆಳೆಯುವುದು. ಪೂರ್ಣ ಮುತ್ತುಗರ್ಭದಲ್ಲಿ ವರ್ಣತಂತುಗಳೆಲ್ಲ ತಂದೆಯವು. ಅಲ್ಲೂ ಈ ಗುಳ್ಳೆಯ ಕಾಯಿಲೆ ಬಂದದ್ದುಂಟು. ಅಂದರೆ ಮಗು ಬೇಕಾಗಿಯೇ ಇಲ್ಲ, ಮಾಸು ಸಾಕು. ಇನ್ನೊಂದು, ಕೋರಿಯೋಕಾರ್ಸಿನೋಮಾ, ಮಾಸಿನಂಥ ಜೀವಕೋಶಗಳ ಕ್ಯಾನ್ಸರ್. ಬಸಿರಿನ ನಂತರ ಹೆಂಗಸರಲ್ಲಿ ಅದು ಬಂದಾಗ ಜೊತೆಗೆ ಈ ಚರ್ಮದ ಕಾಯಿಲೆ ಕಂಡಿದೆ. ಅದೇ ಬಗೆಯ ಕ್ಯಾನ್ಸರ್ ಗಂಡಸರಿಗೂ ಅಪರೂಪಕ್ಕೆ ವೃಷಣದಲ್ಲಿ ಬರುತ್ತದೆ. ಅವರಲ್ಲಿ ಈ ಗುಳ್ಳೆ ಕಂಡ ವರದಿ ಇಲ್ಲ. ಯಾಕಿರಬಹುದು? ಗಂಡಸಿನಲ್ಲಿ ಆ ಗಡ್ಡೆ ಅವನದೇ ಜೀವಕೋಶದಿಂದ ಹುಟ್ಟಿದ್ದು, ಹೊರಗಿನ ಗುರುತು ಅದರಲ್ಲಿ ಇಲ್ಲ.

ಇದನ್ನು ಹೇಳಿದಾಗೆಲ್ಲ ಯಾರಾದರೂ ಒಬ್ಬರು ಕೇಳುತ್ತಾರೆ, ಹಾಗಾದರೆ ದೋಷ ಗಂಡನದ್ದಾ ಸಾರ್ ಅಂತ. ಗಂಡನದ್ದೂ ಅಲ್ಲ, ಹೆಂಡತಿಯದ್ದೂ ಅಲ್ಲ. ಎಲ್ಲ ಮಕ್ಕಳಲ್ಲೂ ತಂದೆಯ ಗುರುತು ಇರುತ್ತದೆ, ಹೆಚ್ಚು ಕಡಿಮೆ ಎಲ್ಲ ತಾಯಂದಿರ ಮೈಯೂ ಅದನ್ನು ತಡೆದುಕೊಳ್ಳುತ್ತದೆ. ಜಾತಕ ಕೂಡಿಸುವವರ ಕೈಗೆ ಎಚ್‌ಎಲ್‌ಎ ಪಟ್ಟಿ ಸಿಗದೇ ಇರಲಿ ಅಂತ ನಾನು ಕೇಳಿಕೊಳ್ಳುತ್ತೇನೆ.

ಸರಿ, ಸಹಾಯಕ ಟಿ ಕಣ ಕೆರಳಿತು. ಮುಂದೇನು? 1999ರಲ್ಲಿ ಅಮೆರಿಕದ ಸಂಶೋಧಕರು ಈ ಕಾಯಿಲೆಯ ಹೆಂಗಸರ ರಕ್ತದಿಂದ ಟಿ ಕಣಗಳನ್ನು ತೆಗೆದು ಬೆಳೆಸಿ ನೋಡಿದರು. ಅವು ಆಗಲೇ ಹೇಳಿದ ಎನ್‌ಸಿ16ಎ ತುಂಡನ್ನು ಗುರುತಿಸಿ ಹೆಚ್ಚಾಗುತ್ತಿದ್ದವು. ಈ ಟಿ ಕಣಗಳು ಬಿ ಕಣಗಳಿಗೆ ಒಪ್ಪಿಗೆ ಕೊಡುತ್ತವೆ. ಬಿ ಕಣಗಳು ಬೆಳೆದು ಪ್ಲಾಸ್ಮಾ ಕಣಗಳಾಗಿ ಅದೇ ಎನ್‌ಸಿ16ಎ ಮೇಲೆ ಕೂರುವ ಆಂಟಿಬಾಡಿ ತಯಾರು ಮಾಡುತ್ತವೆ. ಹೆಚ್ಚಾಗಿ ಐಜಿಜಿ1 ಅನ್ನುವ ಬಗೆ. ಅದು ರಕ್ತದಲ್ಲಿ ತೇಲಿ ಬಂದು ಚರ್ಮದ ಎರಡು ಪದರಗಳ ನಡುವೆ ಸಾಲಾಗಿ ಕೂರುತ್ತದೆ.

ರಸ್ತೆ ಅಗಲ ಮಾಡುವ ಮುಂಚೆ ದಾರಿ ಬದಿಯ ಮರಗಳಿಗೆ ಬಣ್ಣ ಬಳಿದು ನಂಬರ್ ಹಾಕಿ ಹೋಗುತ್ತಾರಲ್ಲ, ನೋಡಿದ್ದೀರಿ. ಬಣ್ಣ ಹಚ್ಚಿದ ಮಾತ್ರಕ್ಕೆ ಮರ ಬೀಳುವುದಿಲ್ಲ. ತಿಂಗಳುಗಟ್ಟಲೆ ಹಾಗೇ ನಿಂತಿರುತ್ತದೆ. ಬೀಳುವುದು ಗರಗಸದವರು ಬಂದ ದಿನ. ಆಂಟಿಬಾಡಿ ಆ ಬಣ್ಣ. ಗರಗಸದವರು ಬೇರೆ.

ಇದು ನನ್ನ ಕಲ್ಪನೆ ಅಲ್ಲ, ಪ್ರಯೋಗ ಮಾಡಿ ನೋಡಿದ್ದಾರೆ. ಮುದುಕರಲ್ಲಿ ಬರುವ ಬುಲ್ಲಸ್ ಪೆಂಫಿಗಾಯ್ಡ್ ಅಂತ ಇದೇ ಕುಟುಂಬದ ಇನ್ನೊಂದು ಕಾಯಿಲೆ ಇದೆ, ಅಲ್ಲೂ ಗುರಿ ಬಿಪಿ180ಯೇ. ಅದರ ರೋಗಿಗಳ ಆಂಟಿಬಾಡಿಯನ್ನು ಇಲಿಗೆ ಚುಚ್ಚಿದರೆ ಏನೂ ಆಗುತ್ತಿರಲಿಲ್ಲ, ಯಾಕೆಂದರೆ ಇಲಿಯ ಬಿಪಿ180ಯಲ್ಲಿ ಆ ತುಂಡು ಬೇರೆ ಥರ ಇದೆ, ನಮ್ಮ ಆಂಟಿಬಾಡಿ ಅಲ್ಲಿ ಕೂರುವುದಿಲ್ಲ. 1993ರಲ್ಲಿ ಝಿ ಲಿಯು, ಲೂಯಿಸ್ ಡಯಾಝ್ ಮತ್ತು ಅವರ ಜೊತೆಯವರು ಉಪಾಯ ಮಾಡಿದರು. ಇಲಿಯ ಬಿಪಿ180 ತುಂಡನ್ನು ಮೊಲಕ್ಕೆ ಕೊಟ್ಟು, ಮೊಲ ತಯಾರಿಸಿದ ಆಂಟಿಬಾಡಿಯನ್ನು ಹುಟ್ಟಿದ ಮರಿ ಇಲಿಗಳಿಗೆ ಚುಚ್ಚಿದರು. ಮರಿಗಳಿಗೆ ಗುಳ್ಳೆ ಬಂತು. ಇಷ್ಟಕ್ಕೇ ನಿಲ್ಲಿಸಿದ್ದರೆ ಆಂಟಿಬಾಡಿಯೇ ಅಪರಾಧಿ ಅಂತ ಆಗುತ್ತಿತ್ತು. ಆದರೆ ಮುಂದಿನ ಹತ್ತು ವರ್ಷ ಅವರು ಒಂದೊಂದೇ ಕೊಂಡಿ ಕಳಚಿ ನೋಡಿದರು. ಆಂಟಿಬಾಡಿಯ ಬಾಲದ ಭಾಗ ಕತ್ತರಿಸಿ, ಹಿಡಿದುಕೊಳ್ಳುವ ಭಾಗ ಮಾತ್ರ ಕೊಟ್ಟರು. ಅದು ಹೋಗಿ ಚರ್ಮದಲ್ಲಿ ಕೂತಿತು, ಗುಳ್ಳೆ ಬರಲಿಲ್ಲ. ರಕ್ತದಲ್ಲಿ ಕಾಂಪ್ಲಿಮೆಂಟ್ ಅನ್ನುವ ಪ್ರೋಟೀನುಗಳ ಗುಂಪಿದೆ, ಅದರ ಐದನೆಯದು ಇಲ್ಲದ ಇಲಿಗಳಲ್ಲಿ ಗುಳ್ಳೆ ಬರಲಿಲ್ಲ. ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣಗಳನ್ನು ಮೊದಲೇ ತೆಗೆದುಹಾಕಿದ ಇಲಿಗಳಲ್ಲೂ ಬರಲಿಲ್ಲ. ಚರ್ಮದಲ್ಲೇ ನೆಲೆಸಿರುವ ಮಾಸ್ಟ್ ಅನ್ನುವ ರಕ್ಷಣೆಯ ಕಣಗಳಿಲ್ಲದ ತಳಿಯ ಇಲಿಗಳಲ್ಲೂ ಬರಲಿಲ್ಲ, ಆದರೆ ಅವುಗಳ ಚರ್ಮಕ್ಕೆ ನೇರವಾಗಿ ನ್ಯೂಟ್ರೋಫಿಲ್ ತಂದು ಬಿಟ್ಟರೆ ಬಂತು! ಅಂದರೆ ಮಾಸ್ಟ್ ಕಣದ ಕೆಲಸ ನ್ಯೂಟ್ರೋಫಿಲ್‌ಗಳನ್ನು ಕರೆಸುವುದು. ಕತ್ತರಿಸುವುದು ನ್ಯೂಟ್ರೋಫಿಲ್, ಅದರೊಳಗಿನ ಇಲಾಸ್ಟೇಸ್ ಅನ್ನುವ ಕಿಣ್ವ. ಆ ಕಿಣ್ವ ಇಲ್ಲದ ಇಲಿಗಳಲ್ಲೂ ಗುಳ್ಳೆ ಇಲ್ಲ.

ಸಾಲು ಹೀಗೆ ನಿಲ್ಲುತ್ತದೆ. ಆಂಟಿಬಾಡಿ ಕೂತಿತು, ಅದು ಕಾಂಪ್ಲಿಮೆಂಟನ್ನು ಎಬ್ಬಿಸಿತು, ಅದರಿಂದ ಬಂದ ಚೂರುಗಳು ಮಾಸ್ಟ್ ಕಣವನ್ನು ಒಡೆಸಿದವು, ಮಾಸ್ಟ್ ಕಣ ಕರೆ ಕೊಟ್ಟಿತು, ಬಂದವರು ಬಿಪಿ180ಯನ್ನು ಕತ್ತರಿಸಿ ಹಾಕಿದರು, ಪದರ ಬಿಟ್ಟುಕೊಂಡು ನಡುವೆ ನೀರು ತುಂಬಿತು.

ಆದರೆ ಇಲಿ ಇಲಿಯೇ, ಮನುಷ್ಯ ಮನುಷ್ಯನೇ. ಬಸುರಿಯ ಗುಳ್ಳೆಯ ಒಂದು ಚೂರು ಚರ್ಮ ತೆಗೆದು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಅಲ್ಲಿ ತುಂಬಿರುವುದು ನ್ಯೂಟ್ರೋಫಿಲ್ ಅಲ್ಲ. ಇಯೋಸಿನೋಫಿಲ್. ಗುಲಾಬಿ ಕಿತ್ತಳೆ ಬಣ್ಣದ ಕಾಳುಗಳು ತುಂಬಿರುವ ಕಣ, 1879ರಲ್ಲಿ ಪಾಲ್ ಎರ್ಲಿಶ್ ಬಣ್ಣ ಹಾಕಿ ಗುರುತಿಸಿದ್ದು. ಮಾಸ್ಟ್ ಕಣವನ್ನು ಗುರುತಿಸಿ ಹೆಸರಿಟ್ಟವರೂ ಅವರೇ, ಅದಕ್ಕೆ ಒಂದು ವರ್ಷ ಮೊದಲು, ಇನ್ನೂ ಓದು ಮುಗಿಸುತ್ತಿದ್ದಾಗ. ಬಟ್ಟೆಗೆ ಹಾಕುವ ಬಣ್ಣಗಳನ್ನು ತಂದು ರಕ್ತಕ್ಕೆ ಹಾಕಿ ನೋಡುವ ಹುಚ್ಚು ಅವರಿಗೆ. ಇರಲಿ. ಈ ಇಯೋಸಿನೋಫಿಲ್‌ಗಳು ಪದರಗಳು ಸೇರುವ ಗೆರೆಯ ಉದ್ದಕ್ಕೂ ಸಾಲಾಗಿ ನಿಂತಿರುತ್ತವೆ, ಕೆಲವು ತಮ್ಮ ಕಾಳುಗಳನ್ನು ಹೊರಗೆ ಚೆಲ್ಲಿರುತ್ತವೆ. ಆ ಕಾಳುಗಳಲ್ಲಿರುವ ಪ್ರೋಟೀನುಗಳು ಜೀವಕೋಶಕ್ಕೆ ವಿಷ. ತುಂಬಾ ವರ್ಷ ಇವು ಸುಮ್ನೆ ನೋಡಲು ಬಂದವರು ಅಂತಲೇ ಕೆಲವರು ವಾದಿಸುತ್ತಿದ್ದರು. 2017ರಲ್ಲಿ ಪ್ರಯೋಗಾಲಯದಲ್ಲಿ ಚರ್ಮದ ತೆಳು ಹೋಳಿನ ಮೇಲೆ ಬುಲ್ಲಸ್ ಪೆಂಫಿಗಾಯ್ಡ್ ರೋಗಿಯ ಆಂಟಿಬಾಡಿ ಹಾಕಿ, ಕೆರಳಿಸಿದ ಇಯೋಸಿನೋಫಿಲ್‌ಗಳನ್ನು ಬಿಟ್ಟು ನೋಡಿದರು. ಪದರ ಬೇರೆಯಾಯಿತು. ಹಾಗಾಗಿ ಮನುಷ್ಯರಲ್ಲಿ ಗರಗಸ ಹಿಡಿದವರಲ್ಲಿ ಇವರೂ ಇದ್ದಾರೆ ಅನ್ನುವುದು ನನ್ನ ಅಭಿಪ್ರಾಯ. ಗುಳ್ಳೆಗಿಂತ ಮೊದಲೇ ವಾರಗಟ್ಟಲೆ ನವೆ ಇರುತ್ತದಲ್ಲ, ಅದರಲ್ಲೂ ಇವುಗಳ ಮತ್ತು ಮಾಸ್ಟ್ ಕಣಗಳ ಕೈವಾಡ ಇದೆ.

ಕಾಯಿಲೆ ಪತ್ತೆ ಮಾಡುವುದೂ ಇದೇ ಸಾಲನ್ನು ಹಿಡಿದುಕೊಂಡು. ಗುಳ್ಳೆಯ ಪಕ್ಕದ ಚರ್ಮದ ಸಣ್ಣ ಚೂರು ತೆಗೆದು, ಹೊಳೆಯುವ ಬಣ್ಣ ಹಾಕಿ ನೋಡುತ್ತಾರೆ. ಕಾಂಪ್ಲಿಮೆಂಟಿನ ಸಿ3 ಅನ್ನುವುದು ಒಂದು ಹಸಿರು ಗೆರೆಯಾಗಿ ಕಾಣುತ್ತದೆ, ಹೆಚ್ಚು ಕಡಿಮೆ ಎಲ್ಲರಲ್ಲೂ. ಆಂಟಿಬಾಡಿ ಮಾತ್ರ ಅರ್ಧಕ್ಕಿಂತ ಕಡಿಮೆ ಜನರಲ್ಲಿ ಕಾಣುತ್ತದೆ. ಅದು ಇಲ್ಲ ಅಂತಲ್ಲ, ಕಣ್ಣಿಗೆ ಬೀಳದಷ್ಟು ಕಡಿಮೆ ಇದೆ. ಅಷ್ಟು ಕಡಿಮೆಯೇ ಇಷ್ಟೆಲ್ಲ ಕಾಂಪ್ಲಿಮೆಂಟ್ ಎಬ್ಬಿಸಿದೆ. ಸಭೆಯಲ್ಲಿ ನರ್ಸಿಂಗ್ ಓದುವವರು ಇದ್ದೀರಿ, ನಿಮಗೊಂದು ಮಾತು: ಈ ಚೂರನ್ನು ಫಾರ್ಮಲಿನ್‌ಗೆ ಹಾಕಬೇಡಿ. ಹಾಕಿದರೆ ಈ ಪರೀಕ್ಷೆಗೆ ಅದು ಕೆಲಸಕ್ಕೆ ಬರುವುದಿಲ್ಲ. ಮೈಕಲ್ಸ್ ದ್ರಾವಣ ಬೇಕು, ಅದು ಇಲ್ಲದಿದ್ದರೆ ಮಾಮೂಲಿ ಸಲೈನ್‌ನಲ್ಲಿ ಹಾಕಿ ಒಂದು ದಿನದೊಳಗೆ ಲ್ಯಾಬ್ ಮುಟ್ಟಿಸಬೇಕು. ಮಾಮೂಲಿ ಬಯಾಪ್ಸಿಗೆ ಇನ್ನೊಂದು ಚೂರು ತೆಗೆದು ಅದನ್ನು ಫಾರ್ಮಲಿನ್‌ಗೆ ಹಾಕಿ. ಬಿಪಿ180 ಆಂಟಿಬಾಡಿಗೆ ಈಗ ರಕ್ತ ಪರೀಕ್ಷೆಯೂ ಇದೆ.

ಬಸುರಿಯ ತುರಿಕೆ ಎಲ್ಲ ಇದೇ ಅಂದುಕೊಳ್ಳಬೇಡಿ, ಮತ್ತೆ. ಇದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಕಾಣುವ ಇನ್ನೊಂದು ದದ್ದು ಇದೆ, ಚೊಚ್ಚಲ ಬಸುರಿಯರಿಗೆ ಕೊನೆಯ ವಾರಗಳಲ್ಲಿ ಹೊಟ್ಟೆಯ ಹಿಗ್ಗಿದ ಗೆರೆಗಳ ಮೇಲೆ ಏಳುತ್ತದೆ, ಹೊಕ್ಕುಳನ್ನು ಬಿಟ್ಟುಬಿಡುತ್ತದೆ. ಅದರಿಂದ ಅಪಾಯವಿಲ್ಲ. ದದ್ದೇ ಇಲ್ಲದೆ ಅಂಗೈ ಅಂಗಾಲು ರಾತ್ರಿ ವಿಪರೀತ ತುರಿಸಿದರೆ ಅದು ಯಕೃತ್ತಿನ, ಪಿತ್ತರಸದ ಕಡೆಯ ತೊಂದರೆ ಇರಬಹುದು, ಅದಕ್ಕೆ ಪಿತ್ತರಸದ ಆಮ್ಲದ ಪರೀಕ್ಷೆ ತಕ್ಷಣ ಆಗಬೇಕು, ಮಗುವಿಗೆ ಅಪಾಯ ಇರುವುದು ಅದರಲ್ಲಿ. ಕಜ್ಜಿಯನ್ನೂ ಮರೆಯಬೇಡಿ, ಮನೆಮಂದಿಗೆಲ್ಲ ತುರಿಕೆ ಇದೆಯಾ ಅಂತ ಒಂದು ಮಾತು ಕೇಳಿದರೆ ಅರ್ಧ ಉತ್ತರ ಸಿಗುತ್ತದೆ.

ಹೆರಿಗೆಯ ವಿಷಯ. ಕೊನೆಯ ವಾರಗಳಲ್ಲಿ ಈ ಕಾಯಿಲೆ ಎಷ್ಟೋ ಸಲ ತಾನಾಗಿ ತಗ್ಗುತ್ತದೆ. ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಹೆರಿಗೆಯಾದ ಕೆಲವೇ ಗಂಟೆಗಳಲ್ಲೋ ದಿನಗಳಲ್ಲೋ ಒಮ್ಮೆಲೇ ಉಕ್ಕುತ್ತದೆ, ನಾಲ್ವರಲ್ಲಿ ಮೂವರಿಗೆ ಹೀಗಾಗುತ್ತದೆ ಅಂತ ಲೆಕ್ಕ. ಬಸಿರಿನ ಕೊನೆಗೆ ತುಂಬಾ ಏರಿರುವ ಪ್ರೊಜೆಸ್ಟರಾನ್ ಹಾರ್ಮೋನು ರಕ್ಷಣೆಯ ಕಣಗಳನ್ನು ಸ್ವಲ್ಪ ಹದ್ದುಬಸ್ತಿನಲ್ಲಿ ಇಟ್ಟಿರುತ್ತದೆ, ಮಾಸು ಹೊರಬಂದ ಕೂಡಲೇ ಅದು ಇಳಿಯುತ್ತದೆ, ಕಣಗಳಿಗೆ ಕಡಿವಾಣ ತಪ್ಪುತ್ತದೆ ಅನ್ನುವುದು ಈಗಿನ ವಿವರಣೆ. ಬಾಣಂತಿ ಕೋಣೆಯಲ್ಲಿ ಗುಳ್ಳೆ ಎದ್ದರೆ ತಿಂದ ಪಥ್ಯ ಸರಿಯಿಲ್ಲ, ತಣ್ಣೀರು ಮುಟ್ಟಿದಳು ಅಂತ ಅವಳನ್ನೇ ಬೈಯುವವರಿದ್ದಾರೆ. ಅವಳು ಏನೂ ಮಾಡಿಲ್ಲ.

ಮಗುವಿಗೆ? ಐಜಿಜಿ ಆಂಟಿಬಾಡಿಯನ್ನು ಮಾಸು ತಾನೇ ಎತ್ತಿ ಮಗುವಿಗೆ ದಾಟಿಸುತ್ತದೆ. ಒಳ್ಳೆಯ ಉದ್ದೇಶದ ಏರ್ಪಾಡು, ಹುಟ್ಟಿದ ಮೊದಲ ತಿಂಗಳುಗಳಲ್ಲಿ ಮಗುವನ್ನು ಸೋಂಕಿನಿಂದ ಕಾಯುವುದು ಅದೇ. ಆ ಗುಂಪಿನಲ್ಲಿ ಈ ಕೆಟ್ಟ ಆಂಟಿಬಾಡಿಯೂ ದಾಟುತ್ತದೆ. ಹತ್ತು ಮಕ್ಕಳಲ್ಲಿ ಒಂದಕ್ಕೆ ಹುಟ್ಟುವಾಗಲೋ ಹುಟ್ಟಿದ ಕೆಲವು ದಿನಗಳಲ್ಲೋ ಗುಳ್ಳೆ, ದದ್ದು ಕಾಣುತ್ತದೆ. ಸಾಮಾನ್ಯವಾಗಿ ಸಣ್ಣದಾಗಿಯೇ ಇರುತ್ತದೆ, ಕೆಲವು ವಾರಗಳಲ್ಲಿ ಔಷಧವಿಲ್ಲದೆ ಹೋಗುತ್ತದೆ. ಯಾಕೆ ಹೋಗುತ್ತದೆ ಅಂದರೆ, ದಾಟಿದ್ದು ಬಣ್ಣ ಮಾತ್ರ. ಬಣ್ಣ ತಯಾರಿಸುವ ಬಿ ಕಣಗಳು ತಾಯಿಯಲ್ಲೇ ಉಳಿದವು. ಐಜಿಜಿ ಸುಮಾರು ಮೂರು ವಾರಕ್ಕೆ ಅರ್ಧಕ್ಕೆ ಇಳಿಯುತ್ತದೆ, ಹೊಸದು ಬರುವುದಿಲ್ಲ. ಗುಳ್ಳೆ ಒಡೆದ ಜಾಗಕ್ಕೆ ಸೋಂಕು ತಗಲದ ಹಾಗೆ ನೋಡಿಕೊಂಡರೆ ಸಾಕು. ನಿಜವಾಗಿ ಗಮನ ಇಡಬೇಕಾದದ್ದು ಬೇರೆ: ಮೊದಲ ಆರು ತಿಂಗಳೊಳಗೇ ಕಾಯಿಲೆ ಶುರುವಾಗಿ ಗುಳ್ಳೆ ಎದ್ದಿದ್ದರೆ, ದಿನ ತುಂಬುವ ಮುಂಚೆ ಹೆರಿಗೆ ಆಗುವುದು, ಮಗುವಿನ ತೂಕ ಕಡಿಮೆ ಇರುವುದು ಹೆಚ್ಚು. ಹಾಗಾಗಿ ಸ್ಕ್ಯಾನ್‌ನಲ್ಲಿ ಮಗುವಿನ ಬೆಳವಣಿಗೆ ನೋಡುತ್ತಿರಬೇಕು.

ಔಷಧಗಳನ್ನು ಈ ಸಾಲಿನ ಮೇಲೆ ಜೋಡಿಸಿದರೆ ಅರ್ಥ ಮಾಡಿಕೊಳ್ಳುವುದು ಸುಲಭ. ಸ್ವಲ್ಪವೇ ಇದ್ದರೆ ಬಲವಾದ ಸ್ಟೀರಾಯ್ಡ್ ಮುಲಾಮು, ನವೆಗೆ ಆಂಟಿಹಿಸ್ಟಮಿನ್ ಮಾತ್ರೆ. ಹಬ್ಬಿದ್ದರೆ ಪ್ರೆಡ್ನಿಸೊಲೋನ್ ಮಾತ್ರೆ, ಸಾಮಾನ್ಯವಾಗಿ ತೂಕದ ಕಿಲೋಗೆ ದಿನಕ್ಕೆ ಅರ್ಧ ಮಿಲಿಗ್ರಾಂನಿಂದ ಶುರು. ಸ್ಟೀರಾಯ್ಡ್ ಟಿ ಕಣವನ್ನೂ ಇಯೋಸಿನೋಫಿಲ್ಲನ್ನೂ ಒಟ್ಟಿಗೆ ತಗ್ಗಿಸುತ್ತದೆ, ಅದಕ್ಕೇ ಕೆಲವೇ ದಿನದಲ್ಲಿ ಹೊಸ ಗುಳ್ಳೆ ನಿಲ್ಲುತ್ತದೆ, ಆಂಟಿಬಾಡಿ ಇನ್ನೂ ರಕ್ತದಲ್ಲಿ ಇದ್ದರೂ! ನಾನು ಮೊದಲಿಂದ ಹೇಳುತ್ತಿರುವ ಮಾತಿಗೆ ಚಿಕಿತ್ಸೆಯ ಕೋಣೆಯಲ್ಲೇ ಸಿಗುವ ಸಾಕ್ಷಿ ಇದು. ಬಸುರಿಗೆ ಸ್ಟೀರಾಯ್ಡಾ ಅಂತ ಹೆದರುತ್ತಾರೆ. ಪ್ರೆಡ್ನಿಸೊಲೋನ್‌ನ ಹೆಚ್ಚಿನ ಪಾಲನ್ನು ಮಾಸಿನಲ್ಲಿರುವ ಒಂದು ಕಿಣ್ವ ನಿಷ್ಕ್ರಿಯ ಮಾಡಿಬಿಡುತ್ತದೆ, ಮಗುವಿಗೆ ತಲುಪುವುದು ಸ್ವಲ್ಪವೇ. ಮಗುವಿನ ಶ್ವಾಸಕೋಶ ಬಲಿಯಲಿ ಅಂತ ಕೊಡುವ ಇಂಜೆಕ್ಷನ್ ಬೇರೆ ಸ್ಟೀರಾಯ್ಡ್, ಅದು ದಾಟಲೇಬೇಕು, ದಾಟುತ್ತದೆ. ತಾಯಿಗೆ ಸಕ್ಕರೆ, ರಕ್ತದೊತ್ತಡ ಏರಬಹುದು, ಅದನ್ನು ನೋಡುತ್ತಿರಬೇಕು. ಗುಳ್ಳೆ ಒಣಗಿತು ಅಂತ ಮಾತ್ರೆ ಒಮ್ಮೆಗೇ ಬಿಡುವುದು ಮಾತ್ರ ಬೇಡ, ಅದು ಅಪಾಯ. ಹೆರಿಗೆ ಹೊತ್ತಿಗೆ ಡೋಸ್ ಏರಿಸಬೇಕಾಗಿಯೂ ಬರಬಹುದು.

ಸ್ಟೀರಾಯ್ಡ್‌ಗೆ ಹೆದರುವ ಇದೇ ಜನ ಮೆಡಿಕಲ್ ಶಾಪಿನಿಂದ ಚೀಟಿ ಇಲ್ಲದೆ ಮೂರು ನಾಲ್ಕು ಔಷಧ ಬೆರೆಸಿದ ತುರಿಕೆ ಕ್ರೀಮು ತಂದು ತಿಂಗಳುಗಟ್ಟಲೆ ಹಚ್ಚುತ್ತಾರೆ. ಅದರೊಳಗೆ ಇರುವುದೂ ಬಲವಾದ ಸ್ಟೀರಾಯ್ಡೇ. ನಾವು ನೋಡುವ ಹೊತ್ತಿಗೆ ದದ್ದಿನ ರೂಪವೇ ಬದಲಾಗಿರುತ್ತದೆ.

ಮಾತ್ರೆಗೂ ಬಗ್ಗದಿದ್ದರೆ ಇಮ್ಯುನೋಗ್ಲಾಬ್ಯುಲಿನ್, ಅಂದರೆ ದಾನಿಗಳ ರಕ್ತದಿಂದ ತೆಗೆದ ಆಂಟಿಬಾಡಿಗಳನ್ನು ರಕ್ತನಾಳಕ್ಕೆ ಕೊಡುತ್ತಾರೆ, ದುಬಾರಿ. ಬಿ ಕಣಗಳನ್ನೇ ತೆಗೆದುಹಾಕುವ ರಿಟುಕ್ಸಿಮಾಬ್ ಇದೆ, ಬಸಿರಿನಲ್ಲಿ ಕೊಟ್ಟರೆ ಮಗುವಿನ ಬಿ ಕಣಗಳೂ ಹೋಗಬಹುದು, ಅದಕ್ಕೆ ಸಾಮಾನ್ಯವಾಗಿ ಹೆರಿಗೆ ಆದಮೇಲೆ ಯೋಚಿಸುತ್ತಾರೆ. ಟಿ ಕಣಗಳು ಇಯೋಸಿನೋಫಿಲ್‌ಗಳನ್ನು ಕರೆಯುವ ಸಂದೇಶವನ್ನು ತಡೆಯುವ ಡುಪಿಲುಮಾಬ್ ಅನ್ನುವುದಕ್ಕೆ 2025ರ ಜೂನ್‌ನಲ್ಲಿ ಅಮೆರಿಕದಲ್ಲಿ ಬುಲ್ಲಸ್ ಪೆಂಫಿಗಾಯ್ಡ್‌ಗೆ ಒಪ್ಪಿಗೆ ಸಿಕ್ಕಿತು. ಬಸುರಿಯರ ಈ ಕಾಯಿಲೆಯಲ್ಲಿ ಒಬ್ಬಿಬ್ಬರಿಗೆ ಕೊಟ್ಟು ನೋಡಿದ ವರದಿಗಳು ಮಾತ್ರ ಇವೆ. ಬಣ್ಣವನ್ನು ಬಿಟ್ಟು ಗರಗಸದವರನ್ನು ತಡೆಯುವ ದಾರಿ ಇದು, ನನಗೆ ಭರವಸೆ ಇರುವುದು ಆ ಕಡೆಗೇ.

ಮುಂದಿನ ಬಸಿರಿನಲ್ಲಿ ಮತ್ತೆ ಬರುತ್ತದಾ ಅಂದರೆ, ಸಾಮಾನ್ಯವಾಗಿ ಬರುತ್ತದೆ. ಇನ್ನೂ ಬೇಗ, ಇನ್ನೂ ಜೋರಾಗಿ. ಒಮ್ಮೆ ಪಾಠ ಕಲಿತ ಟಿ, ಬಿ ಕಣಗಳು ಮರೆಯುವುದಿಲ್ಲ. ನಡುವೆ ಒಂದು ಬಸಿರನ್ನು ಬಿಟ್ಟು ಬರುವುದೂ ಉಂಟು, ಅಪರೂಪ. ಇನ್ನೊಂದು ಮಗು ಬೇಡ ಅಂತ ನಾನು ಯಾರಿಗೂ ಹೇಳುವುದಿಲ್ಲ, ಮೊದಲ ತಿಂಗಳಿಂದಲೇ ಚರ್ಮದ ವೈದ್ಯರಿಗೆ ತೋರಿಸಿ ಅಂತ ಹೇಳುತ್ತೇನೆ. ಆಶಾ ಕಾರ್ಯಕರ್ತೆಯರು ಇದ್ದೀರಲ್ಲ, ತಾಯಿ ಕಾರ್ಡಿನಲ್ಲಿ ಈ ಕಾಯಿಲೆಯ ಹೆಸರು ಬರೆಸಿ. 'ಅಲರ್ಜಿ' ಅಂತ ಬರೆದು ಬಿಟ್ಟರೆ ಮುಂದಿನ ಸಲ ಯಾರಿಗೂ ಗೊತ್ತಾಗುವುದಿಲ್ಲ. ಥೈರಾಯ್ಡ್ ಪರೀಕ್ಷೆ ಒಂದು ಮಾಡಿಸಿಡಿ, ಈ ಹೆಂಗಸರಲ್ಲಿ ಗ್ರೇವ್ಸ್ ಕಾಯಿಲೆ ಬೇರೆಯವರಿಗಿಂತ ಜಾಸ್ತಿ. ಹಾರ್ಮೋನು ಇರುವ ಗರ್ಭನಿರೋಧಕ ಮಾತ್ರೆ ಶುರು ಮಾಡಿದಾಗ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಗುಳ್ಳೆ ಮತ್ತೆ ಏಳುತ್ತದೆ, ಹಾಗಾಗಿ ಇವರಿಗೆ ಮಾತ್ರೆ ಕೊಡುವ ಮುಂಚೆ ವೈದ್ಯರನ್ನು ಕೇಳಿ. ಕಾಪರ್-ಟಿಯಲ್ಲಿ ಹಾರ್ಮೋನು ಇಲ್ಲ, ಆ ಭಯ ಇಲ್ಲದೆ ಅದನ್ನು ಹಾಕಿಸಿಕೊಳ್ಳಬಹುದು.